ತಂಗಿಯ ಸಹಿ, ಭೋಗ್ಯದ ದುಡ್ಡು, ಉಲ್ಟಾ ಚೆಕ್ಕುಬಂದಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮನೆ ಕೊಳ್ಳುವ, ಮಾರುವ ಪ್ರಶ್ನೆಗಳೇ. ಆಷಾಢ ಮುಗಿಯುವುದನ್ನು ಕಾಯುತ್ತಾ ಕೂತವರು ಬಹಳ ಜನ ಇದ್ದ ಹಾಗಿದೆ. ಮೈಸೂರಿನ ಕೋರ್ಟಿನಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಇಂಥ ಕಾಗದಗಳನ್ನೇ ಓದುತ್ತಿದ್ದೇನೆ. ಕ್ರಯಪತ್ರ ಕೈಗೆ ಬಂದರೆ ನಾನು ಮೊದಲ ಪುಟ ಓದುವುದಿಲ್ಲ, ಸಹಿಗಳಿರುವ ಪುಟಕ್ಕೆ ಹೋಗುತ್ತೇನೆ. ಯಾರು ಸಹಿ ಹಾಕಿದ್ದಾರೆ ಅನ್ನುವುದು ಅಲ್ಲೇ ಕಾಣುತ್ತದೆ. ಯಾರು ಹಾಕಬೇಕಿತ್ತು, ಹಾಕಿಲ್ಲ ಅನ್ನುವುದನ್ನು ಹುಡುಕಬೇಕು. ತಕರಾರು ಇರುವುದು ಅಲ್ಲಿ.

ಪ್ರಶ್ನೆ: 48 ಲಕ್ಷಕ್ಕೆ ಒಂದು ಮನೆ ಮಾತಾಗಿದೆ. ಕಟ್ಟಿಸಿದವರು 2012ರಲ್ಲಿ ತೀರಿಕೊಂಡರು. ಹೆಂಡತಿ ಅವರಿಗಿಂತ ಮೊದಲೇ ಹೋಗಿದ್ದರು. ಉಯಿಲು ಇಲ್ಲ. ಪೌತಿ ಖಾತೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಿಸಿದ ಖಾತೆ) ಹಿರಿಯ ಮಗನ ಹೆಸರಿಗೆ ಆಗಿದೆ, ಮಾರುತ್ತಿರುವುದೂ ಅವರೇ. ಇಬ್ಬರು ಹೆಣ್ಣುಮಕ್ಕಳಿಗೆ 1990ಕ್ಕೆ ಮೊದಲೇ ಮದುವೆಯಾಗಿದೆ. ‘ಅವರಿಗೆ ಅರಿಶಿನ ಕುಂಕುಮಕ್ಕೆ ಅಂತ ಕೊಟ್ಟು ಕಳಿಸಿದ್ದೇವೆ, ಬೇಕಾದರೆ ಸಾಕ್ಷಿ ಹಾಕಿಸುತ್ತೇನೆ’ ಅನ್ನುತ್ತಾರೆ. ಇನ್ನೊಬ್ಬ ಮಗ 2019ರಲ್ಲಿ ತೀರಿಕೊಂಡಿದ್ದಾನೆ. ಅವನಿಗೆ ಹೆಂಡತಿ ಮತ್ತು 14 ವರ್ಷದ ಮಗ ಇದ್ದಾರೆ. ಹೆಣ್ಣುಮಕ್ಕಳ ಸಾಕ್ಷಿ ಸಹಿ ಸಾಕಲ್ವಾ?
(ಹೆಸರು ಬೇಡ, ದಾವಣಗೆರೆ)

ಉತ್ತರ: ಸಾಲುವುದಿಲ್ಲ. ಖಾತೆ ಒಬ್ಬರ ಹೆಸರಿಗೆ ಆದ ತಕ್ಷಣ ಮನೆ ಅವರೊಬ್ಬರದೇ ಆಗುವುದಿಲ್ಲ.

ತಂದೆ ತಾವೇ ದುಡಿದು ಕಟ್ಟಿಸಿದ ಮನೆ, ಉಯಿಲು ಬರೆದಿಲ್ಲ. ಹಾಗಾದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದಾಗಿನಿಂದ ಮಗನಿಗೆ ಎಷ್ಟೋ ಮಗಳಿಗೂ ಅಷ್ಟೇ ಪಾಲು. ಜನ 2005ರ ತಿದ್ದುಪಡಿಯನ್ನೇ ಹಿಡಿದುಕೊಂಡು ‘ಅದಕ್ಕೆ ಮೊದಲೇ ಮದುವೆಯಾಗಿದೆ’ ಅಂತ ವಾದ ಮಾಡುತ್ತಾರೆ. ಆ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯ ವಿಷಯ. ಅದರಲ್ಲೂ ಮಗಳಿಗೆ ಹುಟ್ಟಿನಿಂದಲೇ ಹಕ್ಕಿದೆ, ತಂದೆ 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಇದೆ ಎಂದು ಸುಪ್ರೀಂ ಕೋರ್ಟ್ 2020ರ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿಯಾಗಿದೆ. 2004ರ ಡಿಸೆಂಬರ್ 20ಕ್ಕೆ ಮೊದಲೇ ಸರಿಯಾಗಿ ವಿಭಾಗವಾಗಿದ್ದರೆ, ಮಾರಾಟವಾಗಿದ್ದರೆ ಅದನ್ನು ಮುಟ್ಟುವುದಿಲ್ಲ, ಅಷ್ಟೇ. ನಿಮ್ಮ ವಿಷಯದಲ್ಲಿ ಅಷ್ಟು ದೂರ ಹೋಗುವುದೇ ಬೇಡ. ನಾಲ್ಕು ಮಕ್ಕಳು, ನಾಲ್ಕು ಪಾಲು. ಮದುವೆಯ ಖರ್ಚನ್ನು ಪಾಲಿನಲ್ಲಿ ಕಳೆಯುವ ಲೆಕ್ಕ ಕಾನೂನಿನಲ್ಲಿ ಇಲ್ಲ.

ಈಗ ಸಾಕ್ಷಿ ಸಹಿಯ ವಿಷಯ. ಸಾಕ್ಷಿ ಹಾಕಿದವರು ಹೇಳುವುದು ಇಷ್ಟೇ: ಇವರು ಸಹಿ ಹಾಕಿದ್ದನ್ನು ನಾನು ಕಣ್ಣಾರೆ ನೋಡಿದೆ. ಪತ್ರದಲ್ಲಿ ಏನಿದೆ ಎಂದು ಗೊತ್ತಿತ್ತು, ನನ್ನ ಪಾಲನ್ನೂ ಮಾರಿದ್ದೇನೆ ಎಂದು ಅದರ ಅರ್ಥವಲ್ಲ. ನನ್ನದೇ ಒಂದು ಕೇಸಿನಲ್ಲಿ ತಂಗಿ ಕಟಕಟೆಯಲ್ಲಿ ನಿಂತು ಹೇಳಿದ ಮಾತು ಹೀಗಿತ್ತು: ‘ಅಣ್ಣ ಬಾ ಅಂದ, ಹೋದೆ. ಇಲ್ಲಿ ಹಾಕು ಅಂದ, ಹಾಕಿದೆ. ಆಮೇಲೆ ಹೋಟೆಲಲ್ಲಿ ದೋಸೆ ಕೊಡಿಸಿದ.’ ನಾನು ಕೊಂಡವರ ಪರ ಇದ್ದೆ. ಪಾಟೀಸವಾಲಿನಲ್ಲಿ ಮುಂದೆ ಏನು ಕೇಳುವುದು ಅಂತಲೇ ತೋಚಲಿಲ್ಲ.

ಆದ್ದರಿಂದ ಹೆಣ್ಣುಮಕ್ಕಳಿಬ್ಬರೂ, ತೀರಿಕೊಂಡ ಮಗನ ಹೆಂಡತಿಯೂ ಕ್ರಯಪತ್ರದಲ್ಲಿ ಮಾರುವವರಾಗಿಯೇ ಸಹಿ ಹಾಕಲಿ. ದುಡ್ಡು ಅವರವರ ಪಾಲಿನಷ್ಟು ಅವರವರ ಬ್ಯಾಂಕ್ ಖಾತೆಗೇ ಹೋಗಲಿ. ಪಾಲು ಬೇಡ ಅನ್ನುವವರಿದ್ದರೆ ಮೊದಲೇ ಹಕ್ಕು ಬಿಡುಗಡೆ ಪತ್ರ ನೋಂದಣಿ ಮಾಡಿಸಿಕೊಡಲಿ. ಮನೆಯಲ್ಲಿ ಕೂತು ಬಿಳಿ ಹಾಳೆಯಲ್ಲಿ ಬರೆದುಕೊಟ್ಟ ‘ನನಗೇನೂ ಬೇಡ’ಕ್ಕೆ ಬೆಲೆ ಇಲ್ಲ.

ನಿಜವಾದ ತಲೆನೋವು ಆ 14 ವರ್ಷದ ಹುಡುಗ. ಅವನ ಪಾಲನ್ನು ತಾಯಿ ಸುಮ್ನೆ ಸಹಿ ಹಾಕಿ ಮಾರುವಂತಿಲ್ಲ, ಜಿಲ್ಲಾ ನ್ಯಾಯಾಲಯದ ಅನುಮತಿ ಬೇಕು. ಅನುಮತಿ ಇಲ್ಲದೆ ಕೊಂಡರೆ, ಅವನಿಗೆ 18 ತುಂಬಿದ ಮೇಲೆ ಮೂರು ವರ್ಷದೊಳಗೆ ಬಂದು ಆ ಮಾರಾಟವನ್ನು ರದ್ದು ಮಾಡಿಸಬಹುದು. ಅಂದರೆ ಇನ್ನು ಏಳು ವರ್ಷ ನೀವು ಅವನ ಹುಟ್ಟುಹಬ್ಬ ಎಣಿಸುತ್ತಾ ಕೂರಬೇಕು. ಅನುಮತಿಗೆ ಕೆಲವು ತಿಂಗಳು ಹಿಡಿಯುತ್ತದೆ. ಕರಾರಿನಲ್ಲಿ ಅದನ್ನು ಬರೆಸಿ, ಕಾಯಿರಿ. ಮಾರುವವರು ‘ಅಷ್ಟು ದಿನ ಆಗಲ್ಲ’ ಅಂದರೆ ಬೇರೆ ಮನೆ ನೋಡಿ.

ವಂಶವೃಕ್ಷವನ್ನು ಅವರು ಕೊಟ್ಟ ಜೆರಾಕ್ಸ್ ನೋಡಿ ನಂಬಬೇಡಿ. ಹೆಣ್ಣುಮಕ್ಕಳ ಹೆಸರು ಬಿಟ್ಟಿರುವ ಎಷ್ಟೋ ವಂಶವೃಕ್ಷಗಳನ್ನು ನೋಡಿದ್ದೇನೆ. ಪಕ್ಕದ ಮನೆಯವರನ್ನು ಕೇಳಿದರೆ ಮಕ್ಕಳೆಷ್ಟು ಅಂತ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಪ್ರಶ್ನೆ: ಬೆಂಗಳೂರಿನಲ್ಲಿ 60 ಲಕ್ಷದ ಫ್ಲ್ಯಾಟ್. ನೋಂದಣಿಗೆ ಒಟ್ಟು ಎಷ್ಟು ಇಟ್ಟುಕೊಳ್ಳಬೇಕು?
(ಓದುಗರು, ಬೆಂಗಳೂರು)

ಉತ್ತರ: ಮುದ್ರಾಂಕ ಶುಲ್ಕ 5% ಅಂದರೆ 3 ಲಕ್ಷ. ಅದರ ಮೇಲೆ ಸೆಸ್ ಹತ್ತರಲ್ಲೊಂದು ಭಾಗ, 30 ಸಾವಿರ. ಸರ್‌ಚಾರ್ಜ್ ಅದೇ 3 ಲಕ್ಷದ ಮೇಲೆ 2%, ಅದು 6 ಸಾವಿರ. ನೋಂದಣಿ ಶುಲ್ಕ ಮೊದಲು 1% ಇತ್ತು, 2025ರ ಆಗಸ್ಟ್ 31ರಿಂದ 2% ಆಗಿದೆ, ಅದು 1 ಲಕ್ಷದ 20 ಸಾವಿರ. ಎಲ್ಲ ಸೇರಿ 4 ಲಕ್ಷದ 56 ಸಾವಿರ. ನೀವು ಕೊಡುವ ಬೆಲೆ, ಸರ್ಕಾರದ ಮಾರ್ಗಸೂಚಿ ಬೆಲೆ, ಎರಡರಲ್ಲಿ ಯಾವುದು ಜಾಸ್ತಿಯೋ ಅದರ ಮೇಲೆ ಈ ಲೆಕ್ಕ. ಇನ್ನೊಂದು, ಬೆಲೆ 50 ಲಕ್ಷ ಮುಟ್ಟಿದರೆ 1% ಟಿಡಿಎಸ್ ಹಿಡಿದು ಕಟ್ಟುವುದು ಕೊಳ್ಳುವವರ ಜವಾಬ್ದಾರಿ. ನಿಮ್ಮದರಲ್ಲಿ 60 ಸಾವಿರ. ಅದು ಮಾರುವವರ ದುಡ್ಡಿನಿಂದಲೇ ಹೋಗುವುದು, ಕೈಯಿಂದ ಹಾಕಬೇಡಿ. ಮಾರುವವರು ವಿದೇಶದಲ್ಲಿ ನೆಲೆಸಿದವರಾದರೆ ಈ 1% ಅನ್ವಯಿಸುವುದಿಲ್ಲ, ಬಹಳ ಜಾಸ್ತಿ ಹಿಡಿಯಬೇಕಾಗುತ್ತದೆ. ಮೊದಲು ಆಡಿಟರ್ ಹತ್ತಿರ ಹೋಗಿ.

ಪ್ರಶ್ನೆ: ಮೇಡಂ, ಮೈಸೂರಿನಲ್ಲಿ ಎರಡು ಅಂತಸ್ತಿನ ಮನೆ ಕೊಳ್ಳುತ್ತಿದ್ದೇವೆ. ಕೆಳಗಿನ ಮನೆಯಲ್ಲಿ ಭೋಗ್ಯಕ್ಕೆ ಇರುವವರು 6 ಲಕ್ಷ ಕೊಟ್ಟಿದ್ದಾರಂತೆ. ‘ಬೆಲೆಯಲ್ಲಿ 6 ಲಕ್ಷ ಕಳೆದುಕೊಳ್ಳಿ, ಅವಧಿ ಮುಗಿದ ಮೇಲೆ ನೀವೇ ವಾಪಸ್ ಕೊಟ್ಟು ಬಿಡಿಸಿಕೊಳ್ಳಿ’ ಎಂದು ಮಾಲೀಕರು ಹೇಳುತ್ತಾರೆ. ಭೋಗ್ಯದ ಪತ್ರ ನೋಂದಣಿ ಆಗಿಲ್ಲ, ಇಸಿಯಲ್ಲೂ ಬಂದಿಲ್ಲ. ತೊಂದರೆ ಇದೆಯಾ?
(ಓದುಗರು, ಮಂಡ್ಯ)

ಉತ್ತರ: ಇಸಿ ಅಂದರೆ ಋಣಭಾರ ಪ್ರಮಾಣಪತ್ರ. ಅದರಲ್ಲಿ ಬರುವುದು ನೋಂದಣಿಯಾದ ವ್ಯವಹಾರ ಮಾತ್ರ. ಬಾಂಡ್ ಪೇಪರಿನಲ್ಲಿ ಬರೆದಿಟ್ಟ ಭೋಗ್ಯ, ಬಾಯಿಮಾತಿನ ಪಾಲು, ನೋಂದಣಿಯಾಗದ ಉಯಿಲು, ಕೋರ್ಟಿನ ಕೇಸು ಯಾವುದೂ ಅದರಲ್ಲಿ ಕಾಣದೆ ಹೋಗಬಹುದು. ‘ನಿಲ್ ಇಸಿ ಬಂದಿದೆ’ ಎಂದು ಫಾರಂ 16 (ಯಾವ ವ್ಯವಹಾರವೂ ದಾಖಲಾಗಿಲ್ಲ ಎನ್ನುವ ಇಸಿ) ಹಿಡಿದುಕೊಂಡು ಖುಷಿಯಾಗಿ ಬರುವವರಿಗೆ ನಾನು ಇದನ್ನು ಹೇಳಿ ಹೇಳಿ ಸಾಕಾಗಿದ್ದೇನೆ.

ಪತ್ರ ನೋಂದಣಿಯಾಗದಿದ್ದರೂ ಆ ಕುಟುಂಬ ಅಲ್ಲಿ ಇರುವುದು ಸುಳ್ಳಲ್ಲವಲ್ಲ. ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ, ಮನೆಯಲ್ಲಿ ಯಾರಾದರೂ ವಾಸವಿದ್ದರೆ ಅವರ ಹಕ್ಕು ಏನು ಎನ್ನುವುದು ಕೊಳ್ಳುವವರಿಗೆ ಗೊತ್ತಿದೆ ಎಂದೇ ಲೆಕ್ಕ. ‘ನನಗೆ ಯಾರೂ ಹೇಳಲಿಲ್ಲ’ ಎಂದು ಆಮೇಲೆ ಹೇಳುವ ಹಾಗಿಲ್ಲ. ಹೋಗಿ ಬಾಗಿಲು ತಟ್ಟಿ ಕೇಳಬೇಕಿತ್ತು ಅನ್ನುತ್ತಾರೆ.

ಅದಕ್ಕೇ ಹೋಗಿ ಬಾಗಿಲು ತಟ್ಟಿ. ಮಾಲೀಕರನ್ನು ಬಿಟ್ಟು ಹೋಗಿ. ಕೆಲವು ವರ್ಷದ ಹಿಂದೆ ಒಬ್ಬರಿಗಾಗಿ ನಾನೇ ಹೋಗಿದ್ದೆ. ಅಲ್ಲೂ ಭೋಗ್ಯ 6 ಲಕ್ಷ ಎಂದೇ ಹೇಳಿದ್ದರು. ವಯಸ್ಸಾದ ಒಬ್ಬ ತಾಯಿ ಬಾಗಿಲು ತೆಗೆದರು. ವಿಷಯ ಹೇಳಿದ ಮೇಲೆ ಒಳಗೆ ಹೋಗಿ ಅಕ್ಕಿ ಡ್ರಮ್ಮಿನ ಹಿಂದಿನಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಪತ್ರ ತಂದರು. ಮುಂದಿನ ಪುಟದಲ್ಲಿ 6 ಲಕ್ಷ, ಸರಿ. ಹಾಳೆ ತಿರುಗಿಸಿದರೆ ಹಿಂದೆ ಎರಡು ಸಲ ಕೈಬರಹದಲ್ಲಿ ಸೇರಿಸಿದ್ದರು. ಒಮ್ಮೆ ಒಂದೂವರೆ ಲಕ್ಷ, ಇನ್ನೊಮ್ಮೆ ಇನ್ನೂ ಒಂದೂವರೆ. ಎರಡಕ್ಕೂ ರೆವಿನ್ಯೂ ಸ್ಟಾಂಪಿನ ಮೇಲೆ ಮಾಲೀಕರ ಸಹಿ. ಒಟ್ಟು 9. ಆ ತಾಯಿ ಪತ್ರವನ್ನು ನನ್ನ ಕೈಗೆ ಕೊಡಲಿಲ್ಲ. ಒಂದು ತುದಿ ತಾವು ಹಿಡಿದುಕೊಂಡೇ ಓದಿಸಿದರು. ಬುದ್ಧಿವಂತೆ.

ನಿಮಗೆ ನನ್ನ ಸಲಹೆ ಇದು. ಭೋಗ್ಯದಾರರ ಕೈಯಿಂದಲೇ ಒಂದು ಪತ್ರ ಬರೆಸಿಕೊಳ್ಳಿ: ಎಷ್ಟು ಕೊಟ್ಟಿದ್ದೇವೆ, ಎಂದು ಬಿಡುತ್ತೇವೆ, ಬೇರೆ ಏನೂ ಬಾಕಿ ಇಲ್ಲ. ಮಾಲೀಕರೂ ಅದಕ್ಕೆ ಸಹಿ ಹಾಕಲಿ. ಸಾಧ್ಯವಾದರೆ ನೋಂದಣಿ ದಿನವೇ ಅವರ ಹೆಸರಿಗೆ ಡಿಡಿ ಕೊಟ್ಟು, ಹಳೆಯ ಪತ್ರ ವಾಪಸ್ ಪಡೆದು, ಬೀಗದ ಕೈ ತೆಗೆದುಕೊಳ್ಳಿ. ಅವರು ಮಕ್ಕಳ ಪರೀಕ್ಷೆ ಮುಗಿಯುವವರೆಗೆ ಇರುತ್ತೇವೆ ಅಂದರೆ ಇರಲಿ, ಆದರೆ ಉಳಿಸಿಕೊಂಡ 6 ಲಕ್ಷ ಯಾವುದಕ್ಕೆ ಎಂದು ಕ್ರಯಪತ್ರದಲ್ಲೇ ಬರೆಸಿ. ಇಲ್ಲದಿದ್ದರೆ ನಾಳೆ ಮಾಲೀಕರು ‘ನನಗೆ 6 ಲಕ್ಷ ಬಾಕಿ ಕೊಡಬೇಕು’ ಎಂದು ಬಂದು ನಿಂತರೂ ನಿಂತಾರು.

ಪ್ರಶ್ನೆ: ನನಗೆ ತೋರಿಸಿದ ನಿವೇಶನಕ್ಕೆ ಬಿ ಖಾತೆ (ಪೂರ್ತಿ ಸಕ್ರಮವಲ್ಲದ ಆಸ್ತಿಗೆ ಕೊಡುವ ಖಾತೆ) ಇದೆ. ಈಗ ಇ ಖಾತೆಯೂ ಬಂದಿದೆ, ಹಾಗಾಗಿ ಎಲ್ಲ ಸಕ್ರಮ ಎಂದು ಏಜೆಂಟ್ ಹೇಳುತ್ತಾರೆ. ಹೌದಾ?
(ಓದುಗರು, ಬೆಂಗಳೂರು)

ಉತ್ತರ: ಇ ಖಾತೆ ಅಂದರೆ ಖಾತೆ ಕಂಪ್ಯೂಟರಿಗೆ ಹತ್ತಿದೆ, ಅಷ್ಟೇ. ಅದಿಲ್ಲದೆ ಈಗ ನೋಂದಣಿ ಆಗುವುದಿಲ್ಲ, ಆದ್ದರಿಂದ ಬೇಕೇ ಬೇಕು. ಆದರೆ ಬಿ ಖಾತೆಯವರಿಗೂ ಇ ಖಾತೆ ಕೊಡುತ್ತಾರೆ, ಕೊಟ್ಟ ಮಾತ್ರಕ್ಕೆ ಬಿ ಹೋಗಿ ಎ ಆಗುವುದಿಲ್ಲ. ಬಿ ಇಂದ ಎ ಮಾಡಿಕೊಡುವ ಯೋಜನೆ ಬೆಂಗಳೂರಿನಲ್ಲಿ ಬೇರೆಯೇ ಇದೆ, ಅದಕ್ಕೆ ಬೇರೆ ದುಡ್ಡು. ಮಾಡಿಸಿಯೇ ಮಾರಿ ಎಂದು ಕೇಳಿ ನೋಡಿ, ಏಜೆಂಟ್ ಮುಖ ಹೇಗಾಗುತ್ತದೆ ಅಂತ.

ಎ ಆಗಲಿ ಬಿ ಆಗಲಿ, ಖಾತೆ ತೆರಿಗೆ ಕಟ್ಟುವವರ ಲೆಕ್ಕ. ಮಾಲೀಕತ್ವದ ದಾಖಲೆ ಅಲ್ಲ ಎಂದು ಕೋರ್ಟುಗಳು ಎಷ್ಟು ಸಲ ಹೇಳಿವೆಯೋ. ನೀವು ನೋಡಬೇಕಾದದ್ದು ಮದರ್ ಡೀಡ್ (ಆಸ್ತಿಯ ಮೂಲ ಪತ್ರ), ಡಿಸಿ ಕನ್ವರ್ಷನ್ ಆದೇಶ (ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸಿದ್ದು), ಬಡಾವಣೆಯ ಮಂಜೂರಾದ ನಕ್ಷೆ, ಮೂವತ್ತು ವರ್ಷದ ಇಸಿ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ 2004ರ ಏಪ್ರಿಲ್‌ನಿಂದ ಈಚೆಯದು ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಿಗೇ ಹೋಗಬೇಕು. ಬಹಳ ಜನ 2004ಕ್ಕೇ ನಿಲ್ಲಿಸಿಬಿಡುತ್ತಾರೆ.

ಇನ್ನೊಂದು ವಿಷಯ ಯಾರೂ ಕೇಳುವುದಿಲ್ಲ. ಬಡಾವಣೆ ಆಗುವ ಮೊದಲು ಆ ಜಮೀನು ಯಾರಿಗಾದರೂ ಸರ್ಕಾರದಿಂದ ಮಂಜೂರಾದದ್ದಾ? ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಕೊಂಡಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಲ್ಲಿ ಆ ಮಾರಾಟವೇ ಅಸಿಂಧು. ಜಮೀನು ಮೂಲ ಕುಟುಂಬಕ್ಕೆ ಹೋಗುತ್ತದೆ. ತಡವಾಯಿತು ಎಂಬ ನೆಪ ನಡೆಯದಂತೆ 2023ರಲ್ಲಿ ತಿದ್ದುಪಡಿಯೂ ಆಗಿದೆ. ಐದು, ಹತ್ತು ಸಾವಿರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಎಕರೆಗಟ್ಟಲೆ ಬರೆಸಿಕೊಂಡ ಪತ್ರಗಳನ್ನು ನಾನು ಓದಿದ್ದೇನೆ. ಆ ಕಾಯ್ದೆ ಬರಬೇಕಾದದ್ದೇ. ಏಟು ಬೀಳುವುದು ಮಾತ್ರ ಕೊನೆಗೆ ನಿವೇಶನ ಕೊಂಡ ನಿಮ್ಮಂಥವರಿಗೆ, ಮಧ್ಯದವನು ಅಷ್ಟೊತ್ತಿಗೆ ಜಾಗ ಖಾಲಿ ಮಾಡಿರುತ್ತಾನೆ. ಹಳೆಯ ಪಹಣಿ, ಮಂಜೂರಾತಿ ಕಡತ ತೆಗೆಸಿ ನೋಡಿ.

ಪ್ರಶ್ನೆ: ಮನೆಗೆ 2 ಲಕ್ಷ ನಗದು ಮುಂಗಡ ಕೊಟ್ಟು ಬಾಂಡ್ ಪೇಪರಿನಲ್ಲಿ ಕರಾರು ಮಾಡಿಕೊಂಡೆ. ಈಗ ಯಾರೋ ಜಾಸ್ತಿ ಕೊಡುತ್ತಾರೆಂದು ಮಾಲೀಕರು ಮುಂಗಡ ವಾಪಸ್ ಕೊಡಲು ಬಂದಿದ್ದಾರೆ.
(ಓದುಗರು, ಶಿವಮೊಗ್ಗ)

ಉತ್ತರ: ಕರಾರಿನಿಂದ ಮನೆ ನಿಮ್ಮದಾಗಿಲ್ಲ. ಆದರೆ ಮನೆಯನ್ನು ನಿಮಗೇ ಬರೆದುಕೊಡಿ ಎಂದು ಕೋರ್ಟಿನಲ್ಲಿ ಕೇಳುವ ಹಕ್ಕು ಬಂದಿದೆ. ಅದಕ್ಕೆ ಮೂರು ವರ್ಷದ ಗಡುವು. ನೋಂದಣಿಗೆ ದಿನ ಗೊತ್ತು ಮಾಡಿದ್ದರೆ ಆ ದಿನದಿಂದ, ಇಲ್ಲದಿದ್ದರೆ ಅವರು ಆಗಲ್ಲ ಅಂದದ್ದು ನಿಮಗೆ ತಿಳಿದ ದಿನದಿಂದ. ಉಳಿದ ದುಡ್ಡು ನಿಮ್ಮ ಹತ್ತಿರ ಸಿದ್ಧವಿತ್ತು ಎಂದು ನೀವು ತೋರಿಸಬೇಕು. ಬ್ಯಾಂಕ್ ಪಾಸ್‌ಬುಕ್ಕೋ, ಸಾಲ ಮಂಜೂರಾದ ಪತ್ರವೋ ಈಗಲೇ ಎತ್ತಿಟ್ಟುಕೊಳ್ಳಿ. ಮುಂಗಡ ವಾಪಸ್ ತೆಗೆದುಕೊಳ್ಳಬೇಡಿ, ನೋಟಿಸ್ ಕಳಿಸಿ. ನಗದು ಕೊಟ್ಟದ್ದು ಮಾತ್ರ ತಪ್ಪು. ಮನೆ, ನಿವೇಶನದ ಮುಂಗಡವನ್ನು 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ನಗದಾಗಿ ತೆಗೆದುಕೊಳ್ಳುವಂತಿಲ್ಲ. ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಇದನ್ನು ಅವರಿಗೆ ನೆನಪಿಸಿದರೆ ಮಾತಿನ ಧಾಟಿ ಸ್ವಲ್ಪ ಬದಲಾಗಬಹುದು.

ಪ್ರಶ್ನೆ: 2008ರಲ್ಲಿ ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮತ್ತು ಕರಾರಿನ ಮೇಲೆ ನಿವೇಶನ ತೆಗೆದುಕೊಂಡೆವು, ಪೂರ್ತಿ ದುಡ್ಡು ಕೊಟ್ಟಿದ್ದೇವೆ. ಮೂಲ ಮಾಲೀಕರು ಈಗ ಇಲ್ಲ. ಜಿಪಿಎ ಇಟ್ಟುಕೊಂಡು ನಾವು ಮಾರಬಹುದಾ?
(ಓದುಗರು, ತುಮಕೂರು)

ಉತ್ತರ: ಬೇಡ. ಜಿಪಿಎ ಮೂಲಕ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟ ಮಾಡಿದೆ. ಬರೆದುಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಜಿಪಿಎ ಕೂಡ ಅವರ ಜೊತೆಗೇ ಹೋಗುತ್ತದೆ. ‘ದುಡ್ಡು ಕೊಟ್ಟು ಪಡೆದ ಜಿಪಿಎ ಸಾಯುವುದಿಲ್ಲ’ ಎಂದು ವಾದ ಮಾಡುವವರು ಇದ್ದಾರೆ. ಆ ವಾದ ನಂಬಿಕೊಂಡು ನಿಮ್ಮಿಂದ ಕೊಳ್ಳುವವರು ಯಾರು? ವಾರಸುದಾರರೆಲ್ಲರನ್ನೂ ಕೂರಿಸಿ ಮಾತಾಡಿ, ಅವರಿಂದ ಕ್ರಯಪತ್ರ ಮಾಡಿಸಿಕೊಳ್ಳಿ. ಸ್ವಲ್ಪ ದುಡ್ಡು ಕೇಳುತ್ತಾರೆ. ಸಿಟ್ಟು ಬರುತ್ತದೆ, ನಿಜ. ಆದರೂ ಕೊಟ್ಟು ಮುಗಿಸಿಕೊಳ್ಳುವುದು ಕೇಸಿಗಿಂತ ಅಗ್ಗ.

ಪ್ರಶ್ನೆ: ಬಿಲ್ಡರ್ ಕರಾರು ಮಾಡಿಕೊಳ್ಳುವ ಮೊದಲೇ 20% ಕೇಳುತ್ತಿದ್ದಾರೆ.
(ಓದುಗರು, ಹುಬ್ಬಳ್ಳಿ)

ಉತ್ತರ: ಕೊಡಬೇಡಿ. ಬಿಲ್ಡರ್‌ಗಳಿಗೆ ಕಡಿವಾಣ ಹಾಕುವ ರೇರಾ ಕಾಯ್ದೆಯಲ್ಲಿ ಕರಾರು ಬರೆದು ನೋಂದಣಿ ಮಾಡಿಸುವ ಮೊದಲು 10%ಗಿಂತ ಜಾಸ್ತಿ ಕೇಳುವಂತಿಲ್ಲ. ಇದನ್ನೇ ಮೀರುವವರು ಮುಂದೆ ಏನೇನು ಮೀರುತ್ತಾರೋ.

ಪ್ರಶ್ನೆ: ನಮ್ಮ 1998ರ ಕ್ರಯಪತ್ರದಲ್ಲಿ ಪೂರ್ವ ಪಶ್ಚಿಮದ ಚೆಕ್ಕುಬಂದಿ (ಯಾವ ದಿಕ್ಕಿಗೆ ಏನಿದೆ ಎನ್ನುವ ಗಡಿ ವಿವರ) ಅದಲುಬದಲಾಗಿದೆ. ಇಷ್ಟು ವರ್ಷ ಯಾರೂ ಗಮನಿಸಿರಲಿಲ್ಲ. ಈಗ ಮನೆ ಮಾರಲು ಹೊರಟರೆ ಕೊಳ್ಳುವವರ ಬ್ಯಾಂಕಿನವರು ಸಾಲ ಕೊಡಲ್ಲ ಅನ್ನುತ್ತಾರೆ. ನಮಗೆ ಮಾರಿದವರು ತೀರಿಕೊಂಡಿದ್ದಾರೆ. ಇಷ್ಟು ಸಣ್ಣ ತಪ್ಪಿಗೆ ಮಾರಾಟ ನಿಲ್ಲಬೇಕಾ?
(ಓದುಗರು, ಹಾಸನ)

ಉತ್ತರ: ಸಣ್ಣ ತಪ್ಪು ಅಂತ ನಾನೂ ಅಂದುಕೊಂಡಿದ್ದೆ. ಇದು ನನ್ನ ಮನೆಯಲ್ಲೇ ಆದದ್ದು.

2006ರಲ್ಲಿ ನಾವು ಮೂವತ್ತು ನಲವತ್ತರ ನಿವೇಶನ ಕೊಂಡೆವು. ಊರಿನವರ ಕಾಗದವೆಲ್ಲ ಓದುವ ನಾನು ನನ್ನದನ್ನು ಓದಲಿಲ್ಲ. ಪತ್ರ ಬರೆಯುವವರು ಪರಿಚಯದವರು, ಮಧ್ಯಾಹ್ನ ನನಗೊಂದು ಕೇಸಿತ್ತು, ಸಹಿ ಹಾಕಿ ಓಡಿದೆ. ಹನ್ನೊಂದು ವರ್ಷವಾದ ಮೇಲೆ ಮಹಡಿ ಕಟ್ಟಲು ಸಾಲಕ್ಕೆ ಹೋದಾಗ ಬ್ಯಾಂಕಿನ ಹುಡುಗ ಬಂದು ಗೇಟಿನ ಹತ್ತಿರ ನಿಂತ. ಫೋನಿನಲ್ಲಿ ದಿಕ್ಸೂಚಿ ತೆಗೆದ. ಕಾಗದ ನೋಡಿದ, ರಸ್ತೆ ನೋಡಿದ, ಮತ್ತೆ ಕಾಗದ ನೋಡಿದ. ‘ಮೇಡಂ, ನಿಮ್ಮ ಪತ್ರದ ಪ್ರಕಾರ ರಸ್ತೆ ಇರುವುದು ನಿಮ್ಮ ಬಚ್ಚಲಮನೆ ಹಿಂದೆ’ ಅಂದ. ಹಿಂದಿನ ಮಾಲೀಕರ ಪತ್ರದಲ್ಲೇ ತಪ್ಪಿತ್ತು. ಬರೆಯುವವರು ಅದನ್ನೇ ನೋಡಿ ಇಳಿಸಿದ್ದರು.

ಇದಕ್ಕೆ ಮದ್ದು ತಿದ್ದುಪಡಿ ಪತ್ರ. ಕೊಂಡವರು ಒಬ್ಬರೇ ಮಾಡಿಸಿಕೊಳ್ಳಲು ಬರುವುದಿಲ್ಲ. ಮಾರಿದವರ ಸಹಿಯೂ ಬೇಕು. ನಮಗೆ ಮಾರಿದವರೂ ತೀರಿಕೊಂಡಿದ್ದರು. ಮೂರು ಜನ ಮಕ್ಕಳು, ಒಬ್ಬರು ಮೈಸೂರು, ಒಬ್ಬರು ಕೊಯಮತ್ತೂರು, ಒಬ್ಬರು ಅಮೆರಿಕ. ಮೈಸೂರಿನ ಮಗಳ ಮನೆಗೆ ಒಂದು ಡಬ್ಬ ಕೋಡುಬಳೆ ತೆಗೆದುಕೊಂಡು ಹೋದೆ. ಅವರು ಕಾಫಿ ಕೊಟ್ಟರು, ಪತ್ರವನ್ನು ನಿಧಾನವಾಗಿ ಓದಿದರು. ಆಮೇಲೆ ಹೇಳಿದರು: ‘ನಮ್ಮಪ್ಪ ಅವತ್ತು ಓದದೆ ಸಹಿ ಹಾಕಿದ್ರು. ಕೊಳ್ತಿರೋರು ಲಾಯರ್ ಅಮ್ಮ, ಅವರೇ ನೋಡಿರ್ತಾರೆ ಬಿಡು ಅಂದಿದ್ರು.’ ನಾನು ಕಾಫಿ ಲೋಟದಿಂದ ತಲೆ ಎತ್ತಲಿಲ್ಲ.

ನೀವೂ ಅದೇ ದಾರಿ ಹಿಡಿಯಬೇಕು. ತೀರಿಕೊಂಡವರ ಮರಣ ಪತ್ರ, ವಂಶವೃಕ್ಷ ತೆಗೆಸಿ. ಎಲ್ಲ ವಾರಸುದಾರರೂ ಸಹಿ ಹಾಕಲಿ, ಹೆಣ್ಣುಮಕ್ಕಳೂ ಸೇರಿ. ಪರದೇಶದಲ್ಲಿ ಇರುವವರು ಅಲ್ಲಿನ ಭಾರತದ ಕಾನ್ಸುಲೇಟಿನಲ್ಲೋ ನೋಟರಿ ಮುಂದೆಯೋ ಅಧಿಕಾರ ಪತ್ರ ಮಾಡಿ ಕಳಿಸಬಹುದು. ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಿಕೊಳ್ಳಿ. ನಮ್ಮ ಅಮೆರಿಕದವರ ಪತ್ರ ಬರುವುದಕ್ಕೇ ಐದು ತಿಂಗಳಾಯಿತು. ಯಾರಾದರೂ ಒಬ್ಬರು ಸಹಿ ಹಾಕುವುದೇ ಇಲ್ಲ ಎಂದು ಹಟ ಹಿಡಿದರೆ ಸಿವಿಲ್ ಕೋರ್ಟಿಗೆ ಹೋಗಿ ತಿದ್ದಿಸಿಕೊಳ್ಳಲು ಅವಕಾಶವಿದೆ, ಆದರೆ ನಿಮ್ಮ ಕೊಳ್ಳುವವರು ಅಷ್ಟು ದಿನ ಕಾಯುವುದಿಲ್ಲ. ಕೋಡುಬಳೆಯೇ ವಾಸಿ. ಪಕ್ಕದ ನಿವೇಶನಗಳವರ ಕ್ರಯಪತ್ರದ ಪ್ರತಿಗಳನ್ನೂ ಕೇಳಿ ಇಟ್ಟುಕೊಳ್ಳಿ. ಅವರ ಚೆಕ್ಕುಬಂದಿಯಲ್ಲಿ ನಿಮ್ಮ ಹೆಸರು ಸರಿಯಾದ ದಿಕ್ಕಿನಲ್ಲಿದ್ದರೆ ಬ್ಯಾಂಕಿನವರಿಗೆ ತೋರಿಸಲು ಆಗುತ್ತದೆ.

ತಿದ್ದುಪಡಿ ಪತ್ರದ ಕರಡು ಬಂದ ಮೇಲೆ ಸೈಟಿನಲ್ಲಿ ನಿಂತು ಓದಿ. ನನ್ನ ತಿದ್ದುಪಡಿ ಪತ್ರದ ಮೊದಲ ಕರಡಿನಲ್ಲಿ ಪೂರ್ವ ಪಶ್ಚಿಮ ಸರಿಯಾಗಿತ್ತು, ಉತ್ತರ ದಕ್ಷಿಣ ಅದಲುಬದಲಾಗಿತ್ತು.